ಉಗುರಿಗೆ ಸಿಕ್ಕ ಗೀರು

ಪ್ಯಾಸ್ಕಲನ ನಿಯಮವನ್ನು ನಾವು ಇಪ್ಪತ್ತೆಂಟು ವರ್ಷ ಬೋಧಿಸಿದೆವು. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒಂದೆಡೆ ಹಾಕಿದ ಒತ್ತಡವು ಕುಂದಿಲ್ಲದೆ ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡುತ್ತದೆಂದು ಕಪ್ಪುಹಲಗೆಯ ಮೇಲೆ ಬರೆದು, ಅದರ ಕೆಳಗೆ ಒಂದು ಕಿರಿದಾದ ಕೊಳವೆಯನ್ನೂ ಒಂದು ಹಿರಿದಾದ ಕೊಳವೆಯನ್ನೂ ಕೂಡಿಸಿದ ಚಿತ್ರವನ್ನು ಎಳೆಯುತ್ತಿದ್ದೆವು. ಮಕ್ಕಳು ಬರೆದುಕೊಂಡರು, ಪರೀಕ್ಷೆಯಲ್ಲಿ ಒಪ್ಪಿಸಿದರು, ನಾವು ಅಂಕ ಕೊಟ್ಟೆವು. ಆ ಚಿತ್ರದಲ್ಲಿ ಕೊಳವೆಗೂ ಅದರೊಳಗೆ ಆಡುವ ಪಿಸ್ಟನ್ನಿಗೂ ನಡುವೆ ಸಂದು ಎಂಬುದೇ ಇರುತ್ತಿರಲಿಲ್ಲ. ಸೀಮೆಸುಣ್ಣದ ಚಿತ್ರದಲ್ಲಿ ಎಣ್ಣೆ ಸೋರುವುದಿಲ್ಲವಷ್ಟೆ.

ನಾವು ಪಾಠ ಹೇಳಿದ್ದು ತಾಳವಾಡಿ ಸೀಮೆಯ ಒಂದು ಕನ್ನಡ ಶಾಲೆಯಲ್ಲಿ. ದಿಂಬಂ ಘಟ್ಟದ ಇಪ್ಪತ್ತೇಳು ತಿರುವುಗಳ ಮೇಲಿರುವ ಆ ಸೀಮೆ, 1979ರಲ್ಲಿ ಈರೋಡಿನ ಹೊಸ ಜಿಲ್ಲೆ ಏರ್ಪಡುವವರೆಗೂ ಕೊಯಮತ್ತೂರು ಜಿಲ್ಲೆಗೇ ಸೇರಿದ್ದಿತು. ನಿವೃತ್ತರಾದ ಮೇಲೆ ಘಟ್ಟವಿಳಿದು ಕೊಯಮತ್ತೂರಿನಲ್ಲಿ ನೆಲೆಸಿದೆವು. ಇಲ್ಲಿಗೆ ಬಂದ ಮೇಲೆಯೇ ಆ ಸಂದಿನ ಪರಿಚಯ ನಮಗಾದುದು. ಅದೂ ನಮ್ಮ ತಂಗಿಯ ಮಗನ ದೆಸೆಯಿಂದ.

ಆತ ತಿರುಪ್ಪೂರು ಜಿಲ್ಲೆಯ ಪಲ್ಲಡದಲ್ಲಿದ್ದಾನೆ. ಸಾಲ ಮಾಡಿ ಒಂದು ಸಣ್ಣ ಲೋಡರು ಯಂತ್ರವನ್ನು ಕೊಂಡು ಬಾಡಿಗೆಗೆ ಓಡಿಸುತ್ತಾನೆ. ಸ್ಕಿಡ್ ಸ್ಟೀರ್ ಲೋಡರ್ ಎಂಬುದು ಅದರ ಹೆಸರು. ಯಾವ ಕಂಪನಿಯದಾದರೂ ಅವನ ಬಳಗದವರು ಅದನ್ನು ಬಾಬ್‌ಕ್ಯಾಟ್ ಎಂದೇ ಕರೆಯುತ್ತಾರೆ. ನೋಡದವರಿಗಾಗಿ ಎರಡು ಮಾತು: ಅದಕ್ಕೆ ನಾಲ್ಕು ಚಕ್ರಗಳುಂಟು, ಆದರೆ ಯಾವ ಚಕ್ರವೂ ಕಾರಿನ ಮುಂಗಾಲಿಯಂತೆ ಪಕ್ಕಕ್ಕೆ ತಿರುಗುವುದಿಲ್ಲ. ಎಡಗಡೆಯ ಎರಡು ಒಂದು ವೇಗದಲ್ಲಿ, ಬಲಗಡೆಯ ಎರಡು ಇನ್ನೊಂದು ವೇಗದಲ್ಲಿ ಉರುಳಿದರೆ ಗಾಡಿ ನೆಲವನ್ನು ಉಜ್ಜುತ್ತಾ ಜಾರಿ ತಿರುಗುತ್ತದೆ. ಒಂದು ಬದಿ ಮುಂದಕ್ಕೆ, ಒಂದು ಬದಿ ಹಿಂದಕ್ಕೆ ಹೋದರೆ ನಿಂತ ಜಾಗದಲ್ಲಿಯೇ ಬುಗುರಿಯಾಗುತ್ತದೆ. ಎರಡು ಪಕ್ಕೆಗಳಲ್ಲಿ ಎರಡು ಉಕ್ಕಿನ ಕೈಗಳು; ಅವುಗಳ ತುದಿಯಲ್ಲಿ ಮೊರದಂತಹ ಬಕೀಟು; ಕೈಗಳ ನಡುವಿನ ಗೂಡಿನಲ್ಲಿ ಓಡಿಸುವವನು.

ಈ ಯಂತ್ರ ಹುಟ್ಟಿದ್ದೇ ಕೋಳಿಮನೆ ಬಾಚುವುದಕ್ಕೆಂದು ತಿಳಿದಾಗ ನಮಗೆ ನಗು ಬಂದಿತು. 1957ರಲ್ಲಿ ಅಮೆರಿಕದ ಮಿನ್ನೆಸೋಟಾ ಸಂಸ್ಥಾನದ ರಾತ್ಸೇ ಎಂಬ ಊರಿನ ಹತ್ತಿರ ಲೂಯಿ ಮತ್ತು ಸಿರಿಲ್ ಕೆಲ್ಲರ್ ಎಂಬ ಅಣ್ಣತಮ್ಮಂದಿರು, ಟರ್ಕಿ ಕೋಳಿ ಸಾಕುವ ರೈತನೊಬ್ಬನ ಕೊಟ್ಟಿಗೆಯ ಕಂಬಗಳ ನಡುವೆ ನುಸುಳಿ ಗೊಬ್ಬರ ತೆಗೆಯಬಲ್ಲ ಮೂರು ಚಕ್ರದ ಗಾಡಿಯೊಂದನ್ನು ಮಾಡಿಕೊಟ್ಟರು. ಮೆಲ್ರೋ ಎಂಬ ಕಂಪನಿ ಅದನ್ನು ಕೈಗೆತ್ತಿಕೊಂಡು 1960ರಲ್ಲಿ ನಾಲ್ಕು ಚಕ್ರದ್ದನ್ನಾಗಿ ಮಾಡಿತು. ಪಲ್ಲಡದ ಸುತ್ತ ಬ್ರಾಯ್ಲರ್ ಕೋಳಿಯ ಶೆಡ್ಡುಗಳು ಎಷ್ಟೆಂಬುದನ್ನು ಆ ಕಡೆ ಬಸ್ಸಿನಲ್ಲಿ ಹೋದವರ ಮೂಗೇ ಹೇಳೀತು. ಶೆಡ್ಡಿನ ನೆಲಕ್ಕೆ ತೆಂಗಿನ ನಾರಿನ ಪುಡಿಯನ್ನು ಹಾಸಿ, ಅದರ ಮೇಲೆ ಸುಮಾರು ನಲವತ್ತು ದಿನ ಕೋಳಿಗಳನ್ನು ಬೆಳೆಸಿ, ಅವು ಲಾರಿ ಹತ್ತಿದ ಮೇಲೆ ಹಾಸನ್ನು ಕೆರೆದು ತೆಗೆದು, ತೊಳೆದು, ಸುಣ್ಣ ಹೊಡೆದು, ಗೊತ್ತಾದ ದಿನ ಬರುವ ಹೊಸ ಮರಿಗಳಿಗೆ ಸಿದ್ಧವಾಗಿಡಬೇಕು. ಆ ನಡುವಣ ಕೆಲವು ದಿನಗಳೇ ನಮ್ಮ ಸೋದರಳಿಯನ ಸುಗ್ಗಿ. ಮರಿಗಳ ಲಾರಿ ಯಾರಿಗಾಗಿಯೂ ಕಾಯುವುದಿಲ್ಲ.

ಎರಡು ವರ್ಷಗಳ ಕೆಳಗೆ ಐಪ್ಪಸಿಯ ಮಳೆ ಹಿಡಿದಿದ್ದ ಕಾಲ. ಯಂತ್ರದ ಬಲಗೈಯನ್ನು ಎತ್ತುವ ಸಿಲಿಂಡರಿನ ಮೂತಿಯಿಂದ ಎಣ್ಣೆ ಸೋರತೊಡಗಿತು. ಸಿಲಿಂಡರೆಂದರೆ ಒಂದು ಗಟ್ಟಿ ಕೊಳವೆ, ಅದರೊಳಗೆ ಪಿಸ್ಟನ್ನು, ಪಿಸ್ಟನ್ನಿಗೆ ಕಚ್ಚಿದ, ಕನ್ನಡಿಯಂತೆ ಹೊಳೆಯುವ ಕ್ರೋಮಿಯಂ ಲೇಪದ ರಾಡು. ರಾಡು ಹೊರಬರುವ ಮೂತಿಯಲ್ಲಿ ಗ್ಲ್ಯಾಂಡು ಎಂಬ ಮುಚ್ಚಳ. ಆ ಮುಚ್ಚಳದ ಒಳಗಿನ ಕೊರೆಗಳಲ್ಲಿ ಕೂರುವುದು ಸೀಲು ಎಂಬ ಉಂಗುರ, ಮತ್ತು ಅದರ ಹೊರಗೆ ಧೂಳನ್ನು ಒರಸುವ ಇನ್ನೊಂದು ಉಂಗುರ. ಕೆಳಗಡೆಯಿಂದ ಎಣ್ಣೆ ನುಗ್ಗಿದರೆ ಕೈ ಏಳುತ್ತದೆ. ಮೇಲುಗಡೆಯಿಂದ, ಎಂದರೆ ರಾಡಿರುವ ಕಡೆಯಿಂದ ನುಗ್ಗಿದರೆ ಕೈ ಇಳಿಯುತ್ತದೆ. ಬಕೀಟನ್ನು ನೆಲಕ್ಕೆ ಅದುಮಿ ಹಾಸನ್ನು ಕೆರೆಯುವಾಗ ಒತ್ತಡವೆಲ್ಲ ಈ ಮೇಲುಗಡೆಯಲ್ಲಿ ಇರುವುದರಿಂದ, ಸರಿಯಾಗಿ ಕೆರೆಯುವ ಹೊತ್ತಿನಲ್ಲಿಯೇ ಅದು ಹೆಚ್ಚು ಸೋರುತ್ತಿತ್ತು.

ಇಂತಹ ಯಂತ್ರಗಳಲ್ಲಿ ಎಣ್ಣೆಯ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 200 ಕಿಲೋಗ್ರಾಂ. ಸೈಕಲ್ಲಿನ ಟೈರಿನಲ್ಲಿ ಮೂರೋ ನಾಲ್ಕೋ ಇದ್ದರೆ ಹೆಚ್ಚು. ಆ ಸಿಲಿಂಡರಿನ ಒಳವ್ಯಾಸ 6 ಸೆಂಟಿಮೀಟರು. ಲೆಕ್ಕ ಹಾಕಿದರೆ ಪಿಸ್ಟನ್ನಿನ ಮುಖ 28 ಚದರ ಸೆಂಟಿಮೀಟರು. ನೂಕುವ ಬಲ ಐದೂವರೆ ಟನ್ನಿಗೂ ಮಿಕ್ಕು. ರಾಡಿನ ವ್ಯಾಸ 3.5 ಸೆಂಟಿಮೀಟರಾದುದರಿಂದ ಆ ಕಡೆ ಎಣ್ಣೆಗೆ ಸಿಕ್ಕುವ ಜಾಗ ಹದಿನೆಂಟೂವರೆ ಚದರ ಸೆಂಟಿಮೀಟರು ಮಾತ್ರ. ಎಳೆಯುವ ಬಲ ಮೂರು ಮುಕ್ಕಾಲು ಟನ್ನಿನಷ್ಟು. ಒಂದೇ ಸಿಲಿಂಡರು, ಒಂದೇ ಒತ್ತಡ. ನೂಕುವಾಗ ಒಂದು ಬಲ, ಎಳೆಯುವಾಗ ಒಂದು ಬಲ. ನಮ್ಮ ಉಪಾಧ್ಯಾಯ ಬಂಧುಗಳು ಈ ಲೆಕ್ಕವನ್ನು ತರಗತಿಯಲ್ಲಿ ಕೊಟ್ಟು ನೋಡಬಹುದು. ಬುದ್ಧಿವಂತ ಮಕ್ಕಳೂ ಮೊದಲ ಸಲ ರಾಡಿನ ಜಾಗವನ್ನು ಕಳೆಯಲು ಮರೆಯುತ್ತಾರೆ.

ಈ ಲೆಕ್ಕವೇ ನಮ್ಮ ತಲೆಗೇರಿತೆಂದು ಕಾಣುತ್ತದೆ. ‘ವರ್ಕ್‌ಷಾಪಿಗೆ ಕೊಟ್ಟರೆ ವಾರ ಹಿಡಿಯುತ್ತದೆ, ದುಡ್ಡೂ ಹೆಚ್ಚು’ ಎಂದು ಅಳಿಯ ಹೇಳಿದ್ದೇ ತಡ, ‘ಒಂದು ರಬ್ಬರು ಉಂಗುರ ತಾನೆ, ನಾವೇ ಹಾಕೋಣ’ ಎಂದೆವು. ಗಾಂಧಿಪುರದ ಬಳಿಯ ಅಂಗಡಿಯೊಂದರಲ್ಲಿ ಸೀಲಿನ ಕಿಟ್ಟು ಸಿಕ್ಕಿತು. ಪಲ್ಲಡಕ್ಕೆ ಹೋಗಿ, ಶೆಡ್ಡಿನ ಹೊರಗೆ ಗೋಣಿತಟ್ಟು ಹಾಸಿ ಕುಳಿತೆವು. ಅಳಿಯ ತಿಳಿವಳಿಕೆಯುಳ್ಳವನು: ಕೈಗಳನ್ನು ನೆಲಕ್ಕಿಳಿಸಿ, ಇಂಜಿನನ್ನು ನಿಲ್ಲಿಸಿ, ಹಿಡಿಗಳನ್ನು ಅತ್ತಿತ್ತ ಆಡಿಸಿ ಒಳಗುಳಿದಿದ್ದ ಒತ್ತಡವನ್ನು ಕಳೆದೇ ಹೋಸುಗಳನ್ನು ಬಿಚ್ಚಿದ. ಗ್ಲ್ಯಾಂಡು ತಿರುಚಿ, ರಾಡನ್ನು ಎಳೆದು, ಹಳೆಯ ಸೀಲುಗಳನ್ನು ಕಿತ್ತೆವು. ಸಿಲಿಂಡರಿನ ಒಳಭಾಗವನ್ನು ಹಿಡಿ ನೂಲುವೇಸ್ಟಿನಿಂದ ಒರೆಸಿದೆವು. ಹೊಸ ಸೀಲು ಕೊರೆಯೊಳಗೆ ಕೂರಲೊಲ್ಲದಾಗ ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿದೆವು. ‘ನಾವು’ ಎಂದು ಬರೆಯುವುದು ನಮ್ಮ ಅಭ್ಯಾಸ. ಈ ತಪ್ಪುಗಳಲ್ಲಿ ಅಳಿಯನ ಪಾಲಿಲ್ಲವೆಂಬುದನ್ನು ಸ್ಪಷ್ಟಪಡಿಸಬೇಕು.

ರಾಡನ್ನು ಒಳಗೆ ತೂರಿಸುವ ಮೊದಲು ಆತ ಅದರುದ್ದಕ್ಕೂ ಬೆರಳಾಡಿಸಿ, ‘ಮಾವಾ, ಇಲ್ಲಿ ಏನೋ ಉಗುರಿಗೆ ಸಿಕ್ಕುತ್ತದೆ’ ಎಂದ.

ನಾವು ಕನ್ನಡಕ ಹಾಕಿಕೊಂಡು ನೋಡಿದೆವು. ಏನೂ ಕಾಣಲಿಲ್ಲ. ‘ಕೂದಲೆಳೆಯಷ್ಟೂ ಇಲ್ಲ. ಹೊಸ ಸೀಲು, ಅದು ತಾನೇ ಮುಚ್ಚಿಕೊಳ್ಳುತ್ತದೆ’ ಎಂದೆವು.

ಆತ ಇನ್ನೊಮ್ಮೆ ಉಗುರಾಡಿಸಿದ. ಆಮೇಲೆ ಮಾತಾಡದೆ ರಾಡನ್ನು ತೂರಿಸಿದ. ಮಾವ, ಮೇಲಾಗಿ ಮೇಷ್ಟರು. ಎದುರು ಹೇಳುವುದು ಹೇಗೆ?

ಒಂದು ದಿನ ತೊಟ್ಟೂ ಸೋರಲಿಲ್ಲ. ನಾವು ಬಸ್ಸಿನಲ್ಲಿ ಬಹಳ ಹಿಗ್ಗಿನಿಂದ ಮರಳಿದೆವು. ನಾಲ್ಕನೆಯ ದಿನ ಆತನ ಫೋನು ಬಂದಿತು: ಮೊದಲಿಗಿಂತ ಹೆಚ್ಚು ಸೋರುತ್ತಿದೆ, ಆರು ಶೆಡ್ಡು ಒಪ್ಪಿಕೊಂಡಿದ್ದರಲ್ಲಿ ಎರಡು ಮುಗಿದಿವೆ, ಮಿಕ್ಕ ನಾಲ್ಕಕ್ಕೆ ಬೇರೆಯವರ ಯಂತ್ರ ಬರುತ್ತಿದೆ. ಆ ತಿಂಗಳ ಸಾಲದ ಕಂತು ಹತ್ತನೆಯ ತಾರೀಖಿಗೆ. ಆತ ಇಷ್ಟನ್ನೇ ಹೇಳಿದ. ಉಗುರಿನ ಮಾತೆತ್ತಲಿಲ್ಲ.

ಕೊಯಮತ್ತೂರಿನ ಗಣಪತಿ ಎಂಬ ಬಡಾವಣೆಯಲ್ಲಿ ವರ್ಕ್‌ಷಾಪು ಇಟ್ಟಿರುವ ಮೇಸ್ತ್ರಿಯೊಬ್ಬರನ್ನು ಮಿತ್ರರು ತೋರಿಸಿದರು. ದೇವಾಂಗದವರು, ತಂದೆಯವರು ಮಗ್ಗದಲ್ಲಿ ಕುಳಿತವರು. ಈ ಎರಡು ಜಿಲ್ಲೆಗಳ ಅನೇಕ ದೇವಾಂಗ ಮನೆಗಳಂತೆ ಅವರ ಮನೆಯ ಮಾತೂ ಕನ್ನಡ. ಓದುಬರಹ ಮಾತ್ರ ತಮಿಳು. ನಮ್ಮ ಸಂಘದ ಈ ಪತ್ರಿಕೆಯನ್ನು ಅವರ ಕೈಗಿತ್ತರೆ ಒಂದಕ್ಷರ ಓದಲಾರರು. ಓದಿ ಹೇಳಿದರೆ ಪ್ರತಿಯೊಂದು ಮಾತೂ ತಿಳಿಯುತ್ತದೆ. ಯಂತ್ರವನ್ನು ಇದ್ದಲ್ಲಿಯೇ ನೋಡಬೇಕೆಂದು ಅವರು ಪಲ್ಲಡಕ್ಕೆ ಬಂದರು.

ಅವರು ಮೊದಲು ಕೇಳಿದ್ದು: ‘ಎತ್ತಿ ನಿಲ್ಲಿಸಿದರೆ ಕೈ ತಾನಾಗಿ ಇಳಿಯುತ್ತದೆಯೆ?’ ಇಲ್ಲವೆಂದ ಅಳಿಯ. ಒಳಗೆ ಪಿಸ್ಟನ್ನಿನ ಸೀಲು ಹೋಗಿದ್ದರೆ ಎಣ್ಣೆ ಹೊರಗೆ ಬಾರದೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ನುಸುಳಿ, ಭಾರ ಹೊತ್ತ ಕೈ ಮೆಲ್ಲಮೆಲ್ಲನೆ ಕುಸಿಯುತ್ತದಂತೆ. ನೆಲ ಒಣಗಿಯೇ ಇರುತ್ತದೆ. ಆ ಬಗೆಯದು ಇನ್ನೂ ಕೇಡು. ಓಡಿಸುವವನು ಗೂಡಿಗೆ ಹತ್ತುವುದೂ ಇಳಿಯುವುದೂ ಆ ಎರಡು ಕೈಗಳ ನಡುವೆಯೇ ಅಲ್ಲವೆ? ಅದಕ್ಕೇ ಎತ್ತಿದ ಕೈಗೆ ಊರೆಗೋಲಾಗಿ ಉಕ್ಕಿನ ತಡೆಯೊಂದನ್ನು ಯಂತ್ರದೊಡನೆಯೇ ಕೊಟ್ಟಿರುತ್ತಾರೆ. ಅದನ್ನು ಹಾಕದೆ ಕೆಳಗೆ ಹೋದವರ ಎರಡು ಕಥೆಗಳನ್ನು ಮೇಸ್ತ್ರಿಗಳು ಹೇಳಿದರು. ಅವನ್ನಿಲ್ಲಿ ಬರೆಯುವುದಿಲ್ಲ.

ಇಂಜಿನನ್ನು ಓಡಿಸಿದಾಗ ಸಿಲಿಂಡರಿನ ಬಳಿ ಸುಯ್ ಎಂಬ ಸಣ್ಣ ದನಿ ಕೇಳಿಸಿತು. ಎಣ್ಣೆಯ ಹನಿ ಕಾಣಲಿಲ್ಲ. ಬಿಸಿಲಿಗೆ ಏನೋ ಮಂಜಿನಂತೆ ಆಡುತ್ತಿತ್ತು. ‘ಇಲ್ಲಿಂದಲೇ ಬರುತ್ತಿದೆ ನೋಡಿ’ ಎಂದು ತೋರಿಸುವುದಕ್ಕೆ ನಾವು ಕೈ ಚಾಚಿದೆವು. ಮೇಸ್ತ್ರಿಗಳು ಕೈಲಿದ್ದ ಸ್ಪಾನರಿನ ಹಿಡಿಯಿಂದ ನಮ್ಮ ಮುಂಗೈಗೆ ಹೊಡೆದರು. ಮೆಲ್ಲಗೆ ಹೊಡೆದದ್ದಲ್ಲ, ವಾರದವರೆಗೆ ಕಂದಿತ್ತು. ನಮ್ಮ ವಯಸ್ಸಿನವರಿಗೆ ಹೊಡೆದವರು ಈಚೆಗೆ ಯಾರೂ ಇಲ್ಲ. ಬಾಯಿಗೆ ಮಾತು ಬರುವಷ್ಟರಲ್ಲಿ ಅವರು ಕೋಳಿ ಔಷಧದ ರಟ್ಟಿನ ಪೆಟ್ಟಿಗೆಯೊಂದನ್ನು ಹರಿದು, ಒಂದು ಉದ್ದನೆಯ ಕಟ್ಟಿಗೆಗೆ ಸಿಕ್ಕಿಸಿ, ನಮ್ಮ ಕೈ ಹೋಗಬೇಕಾಗಿದ್ದ ಜಾಗಕ್ಕೆ ಹಿಡಿದರು. ರಟ್ಟಿನಲ್ಲಿ ಸೂಜಿಯಿಂದ ಚುಚ್ಚಿದಂತೆ ತೂತಾಗಿ ಅದರ ಸುತ್ತ ಎಣ್ಣೆ ಹರಡಿತು.

ಮೊದಲ ಸಲ ನಾವು ಹೋಸನ್ನು ತಿರುಚಿ ಬಿಗಿದಿದ್ದೆವು. ಅದು ಕೈಯ ಅಂಚಿಗೆ ಉಜ್ಜಿ ಉಜ್ಜಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತು ಬಿದ್ದಿತ್ತು. ಆ ತೂತಿನಿಂದ ಹೊಮ್ಮುವ ಎಣ್ಣೆ ಚರ್ಮವನ್ನು ತೂರಿ ಒಳಗೆ ಹೋಗಬಲ್ಲುದು, ಕೈಗವಸೂ ತಡೆಯಲಾರದು. ಗಾಯ ಮುಳ್ಳು ಚುಚ್ಚಿದಷ್ಟೇ ಇರುತ್ತದೆ; ಆ ಹೊತ್ತಿಗೆ ನೋವೂ ಅಷ್ಟಾಗಿರುವುದಿಲ್ಲ. ಮನುಷ್ಯ ಒರೆಸಿಕೊಂಡು ಕೆಲಸ ಮುಂದುವರಿಸುತ್ತಾನೆ. ಕೆಲವು ಗಂಟೆಗಳಲ್ಲಿ ಕೈ ಊದುತ್ತದೆ. ಹೊತ್ತು ಮೀರದೆ ಶಸ್ತ್ರವೈದ್ಯರು ಬಿಡಿಸಿ ಎಣ್ಣೆಯನ್ನು ತೊಳೆಯದಿದ್ದರೆ ಬೆರಳು, ಕೆಲವೊಮ್ಮೆ ಕೈಯೇ ಹೋಗುತ್ತದೆ. ಈ ಸಂಗತಿ ನಮ್ಮ ಯಾವ ಪಠ್ಯಪುಸ್ತಕದಲ್ಲಿಯೂ ನಿಯಮದ ಪಕ್ಕದಲ್ಲಿ ಇರಲಿಲ್ಲ. ಇಪ್ಪತ್ತೆಂಟು ವರ್ಷ ನಮ್ಮೆದುರು ಕುಳಿತ ಹುಡುಗರಲ್ಲಿ ಎಷ್ಟು ಮಂದಿ ಇಂದು ಜೆ.ಸಿ.ಬಿ., ಟ್ರಾಕ್ಟರು ಓಡಿಸುತ್ತಿರುವರೋ! ಅವರಾರಿಗೂ ನಾವು ರಟ್ಟಿನ ಮಾತು ಹೇಳಿ ಕಳುಹಿಸಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲವೆಂದು ಬರೆದರೆ ಅಲಂಕಾರವಲ್ಲ.

ಸಿಲಿಂಡರನ್ನು ಬಿಚ್ಚಿ ಗಣಪತಿಗೆ ತಂದೆವು. ಮೇಸ್ತ್ರಿಗಳು ರಾಡನ್ನು ಮರದ ಹಲ್ಲುಗಳ ನಡುವೆ ಕಚ್ಚಿಸಿ, ಕಣ್ಣು ಮುಚ್ಚಿ, ಹೆಬ್ಬೆರಳ ಉಗುರನ್ನು ಉದ್ದಕ್ಕೂ ಆಡಿಸಿದರು. ಒಂದು ಕಡೆ ನಿಂತರು. ‘ಇದು ಹೊಸದಲ್ಲ. ಶೆಡ್ಡಿನ ಕಂಬಿ ಬಲೆಯ ತುದಿ ತಗುಲಿರಬೇಕು. ಕ್ರೋಮು ಎದ್ದಿದೆ, ಒದ್ದೆ ಗೊಬ್ಬರದ ಕಾವಿಗೆ ಒಳಗೆ ತುಕ್ಕು ಹಿಡಿದಿದೆ. ಹೋದ ಸಲ ಬಿಚ್ಚಿದವರಿಗೆ ಇದು ಸಿಕ್ಕಲಿಲ್ಲವೆ?’

ಅಳಿಯ ನೆಲ ನೋಡುತ್ತಿದ್ದ. ನಾವೇ ಹೇಳಬೇಕಾಯಿತು: ‘ಹುಡುಗನಿಗೆ ಸಿಕ್ಕಿತ್ತು. ನಾವು ಬೇಡವೆಂದೆವು.’

ಮೇಸ್ತ್ರಿಗಳು ನಮ್ಮನ್ನು ಏನೂ ಅನ್ನಲಿಲ್ಲ. ಅವನ ಕಡೆ ತಿರುಗಿ, ‘ತಂಬಿ, ಕಣ್ಣಿಗಿಂತ ಉಗುರು ದೊಡ್ಡದು’ ಎಂದರು. ಹಳೆಯ ಸೀಲನ್ನು ಎತ್ತಿ ತೋರಿಸಿದರು: ರಾಡು ಒಳಗೆ ಹೊರಗೆ ಆಡಿದಷ್ಟು ಸಲವೂ ಆ ಗೀರಿನ ಅಂಚು ಗರಗಸದ ಹಲ್ಲಿನಂತೆ ಸೀಲನ್ನು ತರಿದಿತ್ತು. ಹತ್ತು ಸೀಲು ಹಾಕಿದ್ದರೂ ಹತ್ತೂ ಹಾಗೆಯೇ ಹೋಗುತ್ತಿದ್ದುವು. ಸೀಲಿನ ಇನ್ನೊಂದು ಮಗ್ಗುಲಲ್ಲಿ ಸ್ಕ್ರೂಡ್ರೈವರಿನ ಗುರುತೂ ಇತ್ತು. ಅದು ಯಾರದೆಂದು ಯಾರೂ ಕೇಳಲಿಲ್ಲ.

ಈ ಸೀಲಿನ ಸ್ವಾರಸ್ಯವನ್ನು ನಾವು ಅಂದೇ ಅರಿತದ್ದು. ಅದು ಬರಿಯ ಬಳೆಯಲ್ಲ. ಅಡ್ಡಕ್ಕೆ ಕೊಯ್ದು ನೋಡಿದರೆ ಬಾಯಿ ತೆರೆದ ದೊನ್ನೆಯಂತೆ ಎರಡು ಅಂಚುಗಳುಂಟು. ಮೇಸ್ತ್ರಿಗಳು ಅವನ್ನು ‘ತುಟಿ’ ಎನ್ನುತ್ತಾರೆ. ಇದಕ್ಕಿಂತ ಒಳ್ಳೆಯ ಮಾತು ಯಾವ ಪಾರಿಭಾಷಿಕ ಕೋಶದಲ್ಲಿಯೂ ಇರಲಾರದು. ತುಟಿಗಳು ಎಣ್ಣೆಯಿರುವ ಕಡೆಗೆ ಮುಖ ಮಾಡಿರಬೇಕು. ಎಣ್ಣೆ ಒತ್ತಿಬಂದಾಗ ದೊನ್ನೆಯೊಳಗೆ ನುಗ್ಗಿ ತುಟಿಗಳನ್ನು ಅಗಲಿಸಿ, ಒಂದನ್ನು ರಾಡಿಗೂ ಇನ್ನೊಂದನ್ನು ಗ್ಲ್ಯಾಂಡಿಗೂ ಅದುಮುತ್ತದೆ. ಒತ್ತಡ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ತಿರುಗುಮುರುಗಾಗಿ ಹಾಕಿದರೆ ಅದೇ ಎಣ್ಣೆ ತುಟಿಗಳನ್ನು ಮಡಚಿ ದಾಟಿಹೋಗುತ್ತದೆ. ಸೈಕಲ್ ಪಂಪಿನ ತೊಗಲಿನ ವಾಷರನ್ನು ಬಲ್ಲವರಿಗೆ ಇದು ಹೊಸದಲ್ಲ. ಪಂಪು ಗಾಳಿ ಹಿಡಿಯದಾದಾಗ ವಾಷರನ್ನು ತೆಗೆದು, ಎಣ್ಣೆ ಸವರಿ, ಅಂಚನ್ನು ಬೆರಳಿನಿಂದ ಅಗಲಿಸಿ ಹಾಕುತ್ತಿದ್ದೆವಲ್ಲ, ಅದೇ. ನಾವು ದಿನವೂ ಶಾಲೆಗೆ ಹೋಗುತ್ತಿದ್ದುದು ಆ ಸೈಕಲ್ಲಿನಲ್ಲಿಯೇ. ಪಂಪು ಮಾತ್ರ ಒಂದು ದಿನವೂ ತರಗತಿಯ ಒಳಗೆ ಬರಲಿಲ್ಲ.

ಪ್ಯಾಸ್ಕಲನ ಮಾತು ಹದಿನೇಳನೆಯ ಶತಮಾನದ್ದು. ಅದರಿಂದ ಭಾರದ ಕೆಲಸ ಮಾಡಿಸುವ ಒತ್ತುಯಂತ್ರಕ್ಕೆ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಹಕ್ಕುಪತ್ರ ಪಡೆದುದು 1795ರಲ್ಲಿ. ನಡುವೆ ಒಂದು ಶತಮಾನಕ್ಕೂ ಮಿಕ್ಕ ಕಾಲ. ಬ್ರಾಮಾನನ್ನು ಕಾಡಿದ್ದೂ ಈ ಸಂದೇ: ಬಿಗಿ ಮಾಡಿದರೆ ದಂಡ ಸರಾಗವಾಗಿ ಆಡದು, ಸಡಿಲ ಬಿಟ್ಟರೆ ನೀರು ಸೋರುವುದು. ಒತ್ತಡ ಬಂದಾಗ ತಾನೇ ಬಿಗಿಯಾಗಿ, ಹೋದಾಗ ತಾನೇ ಸಡಿಲವಾಗುವ ತೊಗಲಿನ ದೊನ್ನೆಯುಂಗುರದಿಂದ ಆ ತೊಡಕು ಬಿಡಿಸಿತು. ಅದನ್ನು ಹೊಳೆಯಿಸಿದವನು ಅವನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ತರುಣ ಹೆನ್ರಿ ಮಾಡ್ಸ್ಲೇ ಎಂದು ಹೇಳುತ್ತಾರೆ. ಯಂತ್ರ ಮಾತ್ರ ಇಂದಿಗೂ ಬ್ರಾಮಾನ ಹೆಸರಿನಲ್ಲಿದೆ. ಇದನ್ನು ಮೇಸ್ತ್ರಿಗಳಿಗೆ ಹೇಳಿದಾಗ, ‘ಎಲ್ಲ ವರ್ಕ್‌ಷಾಪಿನಲ್ಲಿಯೂ ಹಾಗೆಯೇ ವಾದ್ಯಾರೇ’ ಎಂದು ನಕ್ಕರು.

ಗೀರು ಆಳವಾಗಿದ್ದುದರಿಂದ ಹಳೆಯ ರಾಡಿಗೆ ಮತ್ತೆ ಕ್ರೋಮು ಹಿಡಿಸುವುದನ್ನು ಬಿಟ್ಟು, ಕ್ರೋಮು ಹಾಕಿದ ಹೊಸ ಸಲಾಕೆಯಿಂದ ಬೇರೆ ರಾಡನ್ನೇ ಕಡೆದು, ತುದಿಯ ಕಣ್ಣನ್ನು ಬೆಸೆದರು. ಎರಡು ದಿನ ಹಿಡಿಯಿತು. ಜೋಡಿಸುವಾಗ ಮೇಸ್ತ್ರಿಗಳು ನೂಲುವೇಸ್ಟನ್ನು ಹತ್ತಿರ ಸೇರಿಸಲಿಲ್ಲ. ಅದರ ಒಂದೆಳೆ ತುಟಿಯಡಿ ಸಿಕ್ಕಿದರೆ ಸಾಕು, ಎಣ್ಣೆಗೆ ದಾರಿಯಾಯಿತು. ತಿರುಪ್ಪೂರಿನ ಬನಿಯನ್ ಬಟ್ಟೆಯ ತುಂಡುಗಳನ್ನು ಒಗೆದು ಒಣಗಿಸಿ ಡಬ್ಬಿಯಲ್ಲಿಟ್ಟಿದ್ದರು, ಅದರಲ್ಲಿ ಒರೆಸಿದರು. ಸೀಲನ್ನು ಬೆಚ್ಚಗಿನ ಎಣ್ಣೆಯಲ್ಲಿ ನೆನೆಯಿಸಿ, ಬೆರಳುಗಳಿಂದಲೇ ಗೋಡಂಬಿಯಾಕಾರಕ್ಕೆ ಮಡಚಿ, ಕೊರೆಯೊಳಗೆ ಬಿಟ್ಟರು. ಅದು ಟಪ್ಪೆಂದು ಬಿಚ್ಚಿಕೊಂಡು ಕುಳಿತಿತು. ರಾಡಿನ ತುದಿಯ ಮರೆಗಳು ತುಟಿಯನ್ನು ಕೊಯ್ಯದಂತೆ ಅವುಗಳ ಮೇಲೆ ತೆಳ್ಳನೆಯ ಟೇಪು ಸುತ್ತಿ, ಆಮೇಲೆ ಗ್ಲ್ಯಾಂಡು ತೂರಿಸಿದರು. ಪಿಸ್ಟನ್ನಿನ ಸೀಲು ಚೆನ್ನಾಗಿಯೇ ಇದ್ದರೂ ಅದನ್ನೂ ಬದಲಿಸಿದರು.

ನಡುವೆ ನಾವು ಅವರಿಗೆ ನಿಯಮವನ್ನು ಕನ್ನಡದಲ್ಲಿ ಹೇಳಿದೆವು. ಅವರು ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸರಿಯೇ. ಎಣ್ಣೆಗೆ ದಿಕ್ಕು ಗೊತ್ತಿಲ್ಲ. ಎಲ್ಲಿ ಬಿಟ್ಟುಕೊಟ್ಟರೆ ಅಲ್ಲಿ ಹೋಗುತ್ತದೆ. ಆದರೆ ಇದನ್ನು ಕನ್ನಡದಲ್ಲಿ ಬರೆದಿದ್ದಾರೆಂದು ನನಗೆ ಗೊತ್ತಿರಲಿಲ್ಲ’ ಎಂದರು. ಅವರ ಮನೆಯಲ್ಲಿ ಕನ್ನಡ ದೇವರಿಗೆ, ಅಡುಗೆಗೆ, ಮದುವೆಗೆ, ಕೆಲಸಕ್ಕೆ ತಮಿಳು, ಬಿಲ್ಲಿಗೆ ಇಂಗ್ಲಿಷು. ನಮ್ಮ ಶಾಲೆಯ ಕನ್ನಡಕ್ಕೆ ವಿಜ್ಞಾನವಿತ್ತು, ಸಿಲಿಂಡರು ಇರಲಿಲ್ಲ.

ಪಲ್ಲಡದಲ್ಲಿ ಮತ್ತೆ ಕೂಡಿಸಿ, ಹೊಸ ಹೋಸನ್ನು ತಿರುಚದೆ ಬಿಗಿದು, ಒಳಗಿನ ಗಾಳಿ ಹೋಗಲೆಂದು ಕೈಯನ್ನು ಹತ್ತಾರು ಸಲ ತುದಿಯಿಂದ ತುದಿಗೆ ಮೆಲ್ಲಗೆ ಆಡಿಸಿ, ತೊಟ್ಟಿಗೆ ಎಣ್ಣೆ ತುಂಬಿದರು. ಬಕೀಟನ್ನು ನೆಲಕ್ಕೆ ಅದುಮಿದಾಗ ಮುಂದಿನ ಚಕ್ರಗಳು ನೆಲ ಬಿಟ್ಟವು. ರಟ್ಟು ಹಿಡಿದವನು ಅಳಿಯ, ಒಣಗಿದ್ದಿತು. ರಾಡಿನ ಮೇಲೆ ತೆಳ್ಳನೆಯ ಪಸೆ ಕಂಡು ನಾವು ಗಾಬರಿಯಾದಾಗ, ಪಸೆಯಿರಬೇಕು, ಹನಿಯಾಗಬಾರದು, ಪಸೆಯೂ ಇಲ್ಲದಿದ್ದರೆ ಸೀಲು ಒಣಗಿ ಸುಡುತ್ತದೆ ಎಂದರು. ಕಂತಿನ ಹಣಕ್ಕೆ ನಾವು ನಮ್ಮ ಪಿಂಚಣಿಯಿಂದ ಕೊಟ್ಟೆವು. ಆತ ಬೇಡವೆಂದ, ತಂಗಿ ಇಸಿದುಕೊಂಡಳು. ಕೈಬಿಟ್ಟ ನಾಲ್ಕು ಶೆಡ್ಡಿನವರಲ್ಲಿ ಇಬ್ಬರು ಮುಂದಿನ ಸರದಿಗೆ ಅವನನ್ನೇ ಕರೆದರು. ಇಬ್ಬರು ಈವರೆಗೂ ಕರೆದಿಲ್ಲ.

ಹಳೆಯ ರಾಡನ್ನೂ ಹರಿದ ಸೀಲನ್ನೂ ತೂತು ಬಿದ್ದ ರಟ್ಟನ್ನೂ ಕೇಳಿ ಪಡೆದು, ಘಟ್ಟದ ಬಸ್ಸಿನಲ್ಲಿ ನಮ್ಮ ಹಳೆಯ ಶಾಲೆಗೆ ಒಯ್ದೆವು. ಕಂಡಕ್ಟರು ರಾಡಿಗೆ ಲಗೇಜು ಹಾಕಿದ. ಈಗಿನ ವಿಜ್ಞಾನದ ಮೇಷ್ಟರು ಒಂದು ಪೀರಿಯಡ್ಡು ಬಿಟ್ಟುಕೊಟ್ಟರು. ರಾಡನ್ನು ಬೆಂಚಿನಿಂದ ಬೆಂಚಿಗೆ ಕಳುಹಿಸಿ, ಗೀರು ಎಲ್ಲಿದೆ ಹೇಳಿರೆಂದೆವು. ಕಣ್ಣಿನಿಂದ ಹುಡುಕಿದವರು ತಡವಾಗಿ ಹೇಳಿದರು. ರಟ್ಟಿನ ಕಥೆಯನ್ನು ಎರಡು ಸಲ ಹೇಳಿದೆವು.

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಸೀಲನ್ನು ತಿರುವಿ ತಿರುವಿ ನೋಡಿ ಕೇಳಿದಳು: ‘ಎಣ್ಣೆ ಒತ್ತಿದರೆ ತಾನೆ ತುಟಿ ಅಂಟುವುದು? ಇಂಜಿನು ನಿಂತ ಮೇಲೆ ಒತ್ತಡವಿಲ್ಲ. ಆಗ ಏಕೆ ಸೋರುವುದಿಲ್ಲ ಸಾರ್?’

ನಮಗೆ ಉತ್ತರ ತಿಳಿದಿರಲಿಲ್ಲ. ಹಾಗೆಯೇ ಹೇಳಿದೆವು. ಸಂಜೆ ಮೇಸ್ತ್ರಿಗಳಿಗೆ ಫೋನು ಮಾಡಿದೆವು. ತುಟಿಯ ಬಾಯನ್ನು ರಾಡಿಗಿಂತ ಒಂದಿಷ್ಟು ಚಿಕ್ಕದಾಗಿಯೇ ಮಾಡಿರುತ್ತಾರೆ, ಒತ್ತಡವಿಲ್ಲದಾಗ ಅದು ತನ್ನ ಸ್ವಂತ ಸೆಟೆತದಿಂದಲೇ ಹಿಡಿದುಕೊಂಡಿರುತ್ತದೆ; ಹಳೆಯದಾಗಿ ಗಡುಸಾದ ಸೀಲಿಗೆ ಆ ಸೆಟೆತ ಹೋಗುವುದರಿಂದಲೇ ಕೆಲವು ಯಂತ್ರಗಳು ದುಡಿಯುವಾಗ ಸೋರದೆ ರಾತ್ರಿ ನಿಂತಾಗ ಸೋರುತ್ತವೆ ಎಂದರು. ಮಾರನೆಯ ದಿನ ಅದನ್ನು ಒಂದು ಕಾರ್ಡಿನಲ್ಲಿ ಬರೆದು, ಒಂಬತ್ತನೆಯ ತರಗತಿ ಎಂದು ವಿಳಾಸ ಹಾಕಿ, ಟಪಾಲಿಗೆ ಹಾಕಿದೆವು.